ಅಗಲ ಟೈರಿನ ಗುರುತು

ಸೊನ್ನದ ಪಂಪ್‌ಹೌಸಿನ ಬಾಗಿಲು ಹಾರುಹೊಡೆದಿತ್ತು. ಮೋಟಾರು ಕೂತಿದ್ದ ಜಾಗದಲ್ಲಿ ನಾಲ್ಕು ಬೋಲ್ಟು ಮಾತ್ರ ನಿಂತಿದ್ದವು. ಪಕ್ಕದಲ್ಲೇ ಕಾವಲುಗಾರ ಸೈದಪ್ಪ ಬಿದ್ದಿದ್ದ. ತಲೆ ಒಡೆದಿತ್ತು. ಉಸಿರಿತ್ತು.

ಪಿಎಸ್‌ಐ ಶಿವಕಾಂತಾ ಬರುವಷ್ಟರಲ್ಲಿ ಅವನನ್ನು ಆಂಬುಲೆನ್ಸಿಗೆ ಹಾಕಿದ್ದರು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಹತ್ತಿರ: ಪಂಪ್ ಆಪರೇಟರ್ ಮಾಳಿಂಗ, ಗುತ್ತಿಗೆದಾರ ಕಲ್ಯಾಣಕುಮಾರ. ಮಾಳಿಂಗ ಸೈದಪ್ಪನ ಅಳಿಯ. ಹಿಂದಿನ ಸಂಜೆ ಮಾವ-ಅಳಿಯ ಜಗಳಾಡಿದ್ದನ್ನು ಊರೇ ಕೇಳಿತ್ತು.

"ಇವನೇ ಮೇಡಂ," ಎಂದ ಹೆಡ್‌ ಕಾನ್‌ಸ್ಟೇಬಲ್ ಚಾಂದಪಾಶಾ. "ಕೀಲಿ ಅದ, ಜಗಳ ಅದ. ಮತ್ತೇನ್ ಬೇಕ್ರಿ?"

"ಮೋಟಾರು ಎಷ್ಟು ವಜನ?"

"ನಾಕೈದು ಕ್ವಿಂಟಲ್ ಇರಬೇಕ್ರಿ."

"ಮಾಳಿಂಗನ ಕಡಿ ಗಾಡಿ ಯಾವುದು?"

"ಬೈಕ್ ರೀ."

"ಐದು ಕ್ವಿಂಟಲ್ ಹೆಗಲಿಗೆ ಹಾಕ್ಕೊಂಡು ಬೈಕ್ ಹೊಡದನೇನು?"

ಚಾಂದಪಾಶಾ ಟೋಪಿ ಸರಿಮಾಡಿಕೊಂಡ.

ಅಂಗಳವನ್ನೆಲ್ಲ ಜನ ತುಳಿದಿದ್ದರು. ಗೇಟಿನ ಮರಳಲ್ಲಿ ಗೇಣುದ್ದ ಗುರುತೊಂದು ಉಳಿದಿತ್ತು. ಅಗಲ ಟೈರು. ಅಂಚು ಚೂಪಾಗಿತ್ತು, ಹೊಚ್ಚ ಹೊಸದು.

"ಅದು ಕಲ್ಯಾಣಕುಮಾರ ಸಾಹೇಬ್ರದ್ರಿ," ಎಂದ ಚಾಂದಪಾಶಾ. " ನಿನ್ನಿ ಸಂಜಿಗಿ ಪಂಪ್ ನೋಡಿ ಹೋಗ್ಯಾರ. ಖಾಲಿ ಗಾಡಿ. ಮಂದಿ ನೋಡ್ಯಾರ."

ಗುರುತಿತ್ತು. ಅದಕ್ಕೆ ಉತ್ತರವೂ ಸಿದ್ಧವಿತ್ತು. ಶಿವಕಾಂತಾಗೆ ಅದೇ ಹಿಡಿಸಲಿಲ್ಲ.

* * *

ಅಫಜಲಪುರ ಠಾಣೆಯ ಮೆಟ್ಟಿಲ ಮೇಲೆ ಮಾಳಿಂಗನ ಹೆಂಡತಿ ಸಕ್ಕುಬಾಯಿ ಕೂತಿದ್ದಳು.

"ಅಪ್ಪ ದವಾಖಾನ್ಯಾಗ, ಗಂಡ ನಿಮ್ಮ ಲಾಕಪ್ಪಿನ್ಯಾಗ. ನಾ ಯಾರ ಕಡಿ ಕೂಡ್ಲಿ, ನೀವೇ ಹೇಳ್ರಿ."

ಐದು ಗಂಟೆಗೆ ಮಾಳಿಂಗನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ಆಮೇಲೆ ಜೈಲು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಜಗಳ ಯಾತರದು?" ಸರಳಿನಾಚೆ ನಿಂತ ಮಾಳಿಂಗನನ್ನು ಶಿವಕಾಂತಾ ಕೇಳಿದಳು.

"ಹೊಸಾ ಮೋಟಾರ್ ಅಂತ ಹಳೀದು ಕೂಡಿಸ್ಯಾರ್ರಿ. ನಾಳಿ ಎಂಜಿನಿಯರ್ ಬರ್ತಾರ, ಬಿಚ್ಚಿ ತೋರಿಸ್ತೇನಿ ಅಂದ ಮಾವ. ನಮಗ್ಯಾಕ ಉಸಾಬರಿ ಅಂದೆ ನಾ."

"ಗುತ್ತಿಗೆದಾರ ಕೇಳಿಸ್ಕೊಂಡನೇನು?"

"ಎದುರಿಗೇ ಇದ್ರಲ್ರಿ. ಎಂಜಿನಿಯರ್ ಬರೋದು ಅವರಿಗಿ ಮೊದಲೇ ಗೊತ್ತಿತ್ತು. ನಕ್ಕೋತ ಹೊಸಾ ಟೈರ್ ತೋರಸಾಕತ್ತಿದ್ರು. ಮಧ್ಯಾಹ್ನ ಆಳಂದದಾಗ ಖಾದರಸಾಬನ ಕಡಿ ಹಾಕ್ಸಿದ್ದಂತ."

ಕಾರಣ ಸಿಕ್ಕಿತು. ಸಾಕ್ಷಿ ಇರಲಿಲ್ಲ. ಅವಳು ಆಳಂದಕ್ಕೆ ಫೋನ್ ಹಚ್ಚಿದಳು.

"ಹಾಕೀನ್ರಿ ಮೇಡಂ," ಎಂದ ಟೈರಂಗಡಿಯ ಖಾದರಸಾಬ. "ಕಂಪನಿ ಟೈರಿನ ಅಗಲ ಎರಡುನೂರಾ ಅರವತ್ತೈದು ಮಿಲಿಮೀಟರ್. ಎಪ್ಪತ್ತೈದು ಸಾಕು ಅಂದೆ. ಎಂಬತ್ತೈದೇ ಬೇಕಂದ್ರು. ಹೊಳಿ ಮರಳಾಗ ಹೂತು ಹೋಗಬಾರ್ದಂತ."

"ಅಷ್ಟು ಅಗಲ ಹಾಕಿದ್ರ ಏನಾಗ್ತದ?"

"ಖಾಲಿ ಇದ್ರ ಏನಾಗಂಗಿಲ್ರಿ. ಹಿಂದ ನಾಕು ಮಂದಿ ಕೂತ್ರೂ ಏನಿಲ್ಲ. ಭಾಳ ವಜನ ಹೇರಿದ್ರ ಗಾಡಿ ಕುಂದರ್ತದ, ಟೈರು ಮಡ್‌ಗಾರ್ಡಿಗೆ ತಾಕ್ತದ. ಆಮ್ಯಾಲ ಗಿರಾಕಿ ಬಂದು ನನ್ನ ಜೋಡಿ ಜಗಳ. ಅದಕ್ಕ ನಂದೊಂದು ರಿವಾಜ ಅದ ನೋಡ್ರಿ..."

ಆ ರಿವಾಜು ಕೇಳಿ ಮುಗಿಯುವ ಮೊದಲೇ ಶಿವಕಾಂತಾ ಎದ್ದು ನಿಂತಿದ್ದಳು.

* * *

ಜೇವರ್ಗಿ. ಮನೆಯ ಮುಂದೆ ಕಲ್ಯಾಣಕುಮಾರನ ಎಸ್‌ಯುವಿ ತೊಳೆಸಿಕೊಂಡು ಥಳಥಳಿಸುತ್ತಿತ್ತು.

"ಟೈರ್ ಹಾಕ್ಸಿದ ಮ್ಯಾಲ ಎಲ್ಲೆಲ್ಲಿ ಹೋಗಿದ್ರಿ?"

"ಸೊನ್ನ. ಅಲ್ಲಿಂದ ಸೀದಾ ಮನಿ."

"ಜೋಡಿ ಯಾರಿದ್ರು?"

"ಒಬ್ಬನೇ ರೀ."

"ಸಾಮಾನು?"

"ನೀರಿನ ಬಾಟ್ಲಿ." ಅವನು ನಕ್ಕ.

"ಗಾಡಿ ಯಾರಿಗಾದ್ರೂ ಕೊಟ್ಟಿದ್ರೇನು?"

"ನನ್ನ ಗಾಡಿ ನಾ ಹೆಂಡ್ತಿಗೂ ಕೊಡಂಗಿಲ್ರಿ."

ಚಾಂದಪಾಶಾ ಎಲ್ಲವನ್ನೂ ಬರೆದುಕೊಂಡ. ಕಲ್ಯಾಣಕುಮಾರ ಸಹಿ ಹಾಕಿದ. ಆಗ ಶಿವಕಾಂತಾ ಮುಂದಿನ ಗಾಲಿಯ ಹತ್ತಿರ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟಳು. ಮಡ್‌ಗಾರ್ಡಿನ ಒಳಮೈಯಲ್ಲಿ ನಾಲ್ಕು ಬೆರಳಗಲದ ಬಿಳಿ ಪಟ್ಟಿ. ಹಾಲಿನಂತೆ ಸ್ವಚ್ಛ.

ಹಿಂದಿನ ಗಾಲಿಗೆ ಹೋದಳು. ಅಲ್ಲಿ ಬಿಳಿಯಿರಲಿಲ್ಲ. ಕರಿ ಗೀರುಗಳು. ಟೈರಿನ ಅಂಚಿನ ಸಂದಿಯಲ್ಲಿ ಮಾತ್ರ ಬಿಳಿಯ ಚೂರುಗಳು ಕಚ್ಚಿಕೊಂಡಿದ್ದವು. ಇನ್ನೊಂದು ಬದಿಯೂ ಹಾಗೆಯೇ.

"ಅಗಲ ಟೈರ್ ಹಾಕಿದ ಗಾಡಿಗೆಲ್ಲ ಖಾದರಸಾಬ ಒಳಗ ಬಿಳಿ ಆಯಿಲ್ ಪೇಂಟ್ ಹಚ್ತಾನ. ಅಳಿಸಿದ್ರ ಗಿರಾಕಿ ವಜನ ಹೇರ್ಯಾನ ಅಂತ ಗುರ್ತು. ನಿನ್ನಿ ನಾಕೂ ಗಾಲಿಗೆ ಹಚ್ಯಾನ. ನೀವು ಆಗ ಫೋನಿನ್ಯಾಗಿದ್ರಂತ."

"ತೊಳದಾಗ ಹೋಗಿರ್ಬೇಕ್ರಿ."

"ಮುಂದಿಂದು ಯಾಕ ಹೋಗಲಿಲ್ಲ?"

ಅವನು ಹಿಂದಿನ ಗಾಲಿಗೆ ಅಡ್ಡ ಬಂದು ನಿಂತ.

"ನೀರಿನ ಬಾಟ್ಲಿ ಐದು ಕ್ವಿಂಟಲ್ ಇತ್ತೇನ್ರಿ, ಕಲ್ಯಾಣಕುಮಾರ?"

ಲೆಕ್ಕ ಸರಳವಿತ್ತು. ಮೋಟಾರು ಬಿಚ್ಚಿದರೆ ಮೋಸ ಬಯಲು. ಅದಕ್ಕೆ ಮೋಟಾರೇ ಇರಬಾರದು. ಮರಳಲ್ಲಿ ಭಾರ ಹೊತ್ತು ಹೂತುಹೋಗಬಾರದೆಂದೇ ಅಗಲ ಟೈರು. ಸಂಜೆ ಎಲ್ಲರ ಕಣ್ಣೆದುರು ಖಾಲಿ ಬಂದುಹೋದದ್ದು ಗುರುತಿಗೊಂದು ನೆಪ. ಕತ್ತಲಾದ ಮೇಲೆ ಮತ್ತೆ ಬಂದು, ತನ್ನ ಕೀಲಿಯಿಂದ ಬಾಗಿಲು ತೆಗೆದು, ಪಂಪ್‌ಹೌಸಿನ ಭಾರ ಎತ್ತುವ ಚೈನ್ ಪುಲ್ಲಿಯಿಂದಲೇ ಮೋಟಾರನ್ನು ಗಾಡಿಗಿಳಿಸಿದ್ದ. ಸೈದಪ್ಪ ಅಡ್ಡ ಬಂದ. ಕಲ್ಯಾಣಕುಮಾರನ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಅವನ ತಲೆಗೆ ಬಿತ್ತು.

ಅಂದೋಲಾದಲ್ಲಿದ್ದ ಅವನ ಹೊಲದಲ್ಲಿ, ತೊಗರಿ ಕಟ್ಟಿಗೆಯ ಬಣವೆಯಡಿ ಮೋಟಾರು ಸಿಕ್ಕಿತು. ಹೊಸ ಬಣ್ಣ ಕೆರೆದರೆ ಒಳಗೆ ಹಳೆಯ ತುಕ್ಕು.

* * *

ಐದಕ್ಕೆ ಹತ್ತು ನಿಮಿಷವಿತ್ತು. ಮಾಳಿಂಗ ಹೊರಗೆ ಬಂದ. ಸಕ್ಕುಬಾಯಿ ಮೆಟ್ಟಿಲಿನಿಂದ ಎದ್ದು ಅವನ ಅಂಗಿ ಹಿಡಿದುಕೊಂಡಳು.

ಚಾಂದಪಾಶಾನ ಫೋನು ಬಡಿಯಿತು. ದವಾಖಾನೆಯಿಂದ.

"ನಿಮ್ಮಪ್ಪ ಕಣ್ಣು ತೆರದಾನ ಬೇ," ಎಂದ ಅವನು ಸಕ್ಕುಬಾಯಿಗೆ. "ಮೊದಲು ಏನು ಕೇಳಿದ ಗೊತ್ತದ ಏನು? ಎಂಜಿನಿಯರ್ ಮೋಟಾರು ಬಿಚ್ಚಿ ನೋಡಿದ್ರೇನು ಅಂತ!"

ಮಾಳಿಂಗ ತಲೆ ತಗ್ಗಿಸಿದ. "ಈ ಸಲ ನಾನೇ ಬಿಚ್ಚಿ ತೋರಿಸ್ತೇನಿ," ಎಂದು ದವಾಖಾನೆಗೆ ಹೊರಡಲು ಠಾಣೆಯ ಅಂಗಳದಲ್ಲಿದ್ದ ತನ್ನ ಬೈಕಿಗೆ ಕಿಕ್ ಹೊಡೆದ.