ತೀರ್ಥಮ್ಮನ ಅಂಗಳದ ಸುಳ್ಳು ಮಳೆ

೧೯೬೧ರ ಯುಗಾದಿ ಕಳೆದು ಒಂದು ವಾರಕ್ಕೆ ಅಜ್ಜಂಪುರದ ತೀರ್ಥಮ್ಮ ಒಂದು ಪತ್ರ ಹಿಡಿದು ಪಂಚಾಕ್ಷರಪ್ಪನವರ ಗಡಿಯಾರ ರಿಪೇರಿ ಅಂಗಡಿಗೆ ಬಂದರು. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೊಲಿಗೆ ಅಂಗಡಿ ಪಂಚಾಕ್ಷರಪ್ಪನವರ ಅಂಗಡಿಗೆ ಅಂಟಿಕೊಂಡಿತ್ತು. ಅವರು ಬಿಡಿಸಿದ ಒಗಟುಗಳಿಗೆಲ್ಲ ನಾನೇ ಸಾಕ್ಷಿ.

"ನನ್ನ ಸುಳ್ಳುಗಾತಿ ಅಂದವ್ರೆ ಕಣ್ರೀ. ಇದು ಯಾರ ಕೆಲ್ಸ ಅಂತ ಗೊತ್ತಾಗ್ಲಿ, ಅವ್ರನ್ನ ನಾನು ಸುಮ್ನೆ ಬಿಡಾಕಿಲ್ಲ," ಎಂದರು ತೀರ್ಥಮ್ಮ.

ಬೆಂಗಳೂರಿನ ಪ್ರೊಫೆಸರರೊಬ್ಬರು ಮಳೆಯ ಸಂಶೋಧನೆಗೆಂದು ನಮ್ಮ ಸೀಮೆಯ ನಲವತ್ತು ಮನೆಗಳಿಗೆ ಮಳೆಮಾಪಕ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಡಬ್ಬದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದು, ತಿಂಗಳಿಗೊಂದು ಕಾರ್ಡು ಹಾಕಬೇಕು. ಅಜ್ಜಂಪುರದಲ್ಲಿ ಹನಿ ಬೀಳದ ದಿನಗಳಲ್ಲೂ ತೀರ್ಥಮ್ಮನ ಕಾರ್ಡಿನಲ್ಲಿ ಮಳೆಯಿತ್ತು. ಇದು ಸುಳ್ಳು ಲೆಕ್ಕವೆಂದೂ ಮುಂದಿನ ಸಂತೆಯ ಮಾರನೆಯ ದಿನ ಡಬ್ಬ ವಾಪಸು ಪಡೆಯಲು ಬರುವುದಾಗಿಯೂ ಪ್ರೊಫೆಸರರು ಆ ಪತ್ರದಲ್ಲಿ ಬರೆದಿದ್ದರು.

"ಮಳೆ ಬಂದಿಲ್ಲ ಅಂತ ಗೊತ್ತಿದ್ದೂ ಯಾಕೆ ಬರೆದಿರಿ?" ಎಂದು ಪಂಚಾಕ್ಷರಪ್ಪನವರು ಕೇಳಿದರು.

"ಡಬ್ಬದಲ್ಲಿ ಇದ್ದದ್ದೇ ಬರೀಬೇಕು ಅಂತ ಹೇಳಿದ್ರಲ್ಲ! ನಾಕು ಸಲವೂ ಒಂದೂಕಾಲು ಇಂಚು. ಅಳತೆ ಗಾಜು ಬೇರೆ ಜಾರೋದು, ಸೀಗೆಪುಡಿ ಹಾಕಿ ತೊಳ್ದೆ. ಹೋದ ವರ್ಷ ಬಣವೆ ಸುಟ್ಟ ಕೇಸಲ್ಲಿ ಕೋರ್ಟೇ ನನ್ನ ಪುಸ್ತಕ ನಂಬಿತ್ತು ಕಣ್ರೀ."

ಪಂಚಾಕ್ಷರಪ್ಪನವರು ಪುಸ್ತಕ ನೋಡಿದರು. ನಾಲ್ಕೂ ಸಲ ಆ ಮಳೆ ಬರೆದದ್ದು ಅಜ್ಜಂಪುರದ ಸಂತೆಯ ಮಾರನೆಯ ಬೆಳಿಗ್ಗೆ.

ಸಂತೆಯ ದಿನ ನಾವಿಬ್ಬರೂ ಅಜ್ಜಂಪುರಕ್ಕೆ ಹೋದೆವು. ತೀರ್ಥಮ್ಮ ದಿನಾ ಮಧ್ಯಾಹ್ನ ಹೊಲಕ್ಕೆ ಹೋಗುತ್ತಿದ್ದರು. ಅಂಗಳಕ್ಕೆ ಬೇಲಿಯೂ ಇರಲಿಲ್ಲ. ಪಕ್ಕದ ಮನೆಯ ಅಂಜಿನಮ್ಮ ನಮ್ಮನ್ನು ಕಂಡು ಮುಖ ತಿರುಗಿಸಿದಳು. ಮಳೆಮಾಪಕ ತನಗೆ ಸಿಗಲಿಲ್ಲವೆಂಬ ಸಿಟ್ಟು ಅವಳಿಗೆ. ಸಂತೆಗೆ ಬಂದಾಗಲೆಲ್ಲ ಮನೆಮನೆಗೆ ಎಣ್ಣೆ ಹಾಕುವ ಹಿರೇನಲ್ಲೂರಿನ ಈರಭದ್ರಪ್ಪ ಮಾತ್ರ, "ಪಾಪ, ತೀರ್ಥಕ್ಕಂಗೆ ಹಿಂಗಾಗಬಾರ್ದಿತ್ತು," ಎಂದು ಮರುಗಿದ.

"ಅಂಜಿನಮ್ಮನೇ ಇರಬೇಕು," ಎಂದೆ.

"ನೋಡೋಣ ಲಕ್ಕಣ್ಣ," ಎಂದರು ಪಂಚಾಕ್ಷರಪ್ಪನವರು.

ಮಾರನೆಯ ಬೆಳಿಗ್ಗೆ ಪ್ರೊಫೆಸರರು ಬಂದರು. ಅಂಗಳದಲ್ಲಿ ಎಲ್ಲರೂ ಸೇರಿದರು. ಸಂತೆ ಮುಗಿಸಿ ಊರಲ್ಲೇ ಉಳಿದಿದ್ದ ಈರಭದ್ರಪ್ಪನನ್ನೂ ಪಂಚಾಕ್ಷರಪ್ಪನವರು ಕರೆಸಿದ್ದರು. ಖಾಲಿ ಡಬ್ಬಕ್ಕೆ, ಅವನದೇ ಎಣ್ಣೆ ಅಳೆಯುವ ಪಾವಿನಿಂದ ಒಂದು ಪಾವು ನೀರು ಸುರಿದು, "ಅಳೆಯಿರಿ ತಾಯಿ," ಎಂದರು.

"ಒಂದೂಕಾಲು ಇಂಚು!" ತೀರ್ಥಮ್ಮ ಗಾಜನ್ನು ಎಲ್ಲರಿಗೂ ಎತ್ತಿ ತೋರಿಸಿದರು. ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು.

"ಗಾಜು ಜಾರಿದ್ದು ಇದಕ್ಕೇ. ಅಂಜಿನಮ್ಮ ಪಕ್ಕದಲ್ಲೇ ಇರೋರು, ಯಾವ ದಿನ ಬೇಕಾದರೂ ಸುರಿಯಬಹುದಿತ್ತು. ಸಂತೆಯ ದಿನವೇ ಬೇಕಾಗಿದ್ದದ್ದು ಹೊರಗಿನಿಂದ ಬರುವವನಿಗೆ. ನಿನ್ನೆ ಸಂತೆಯಲ್ಲಿ ವಿಚಾರಿಸಿದೆ, ಬಣವೆ ಸುಟ್ಟ ಕೇಸಿನಲ್ಲಿ ಜೈಲಿಗೆ ಹೋದ ಸಣ್ಣಬೀರಪ್ಪ ನಿನ್ನ ತಮ್ಮ ಅಲ್ಲವೇನಪ್ಪಾ?"

ಈರಭದ್ರಪ್ಪ ತಲೆಯೆತ್ತಿದ. "ಹೂಂ, ನನ್ ತಮ್ಮನೇ! ಬೆಂಕಿ ಬಿದ್ದ ಸಂಜೆ ಹಳ್ಳ ತುಂಬಿ ಆಚೆ ದಡದಾಗೆ ಸಿಕ್ಕಾಕ್ಕೊಂಡಿದ್ದೆ ಅಂತ ಕೋರ್ಟಿನಾಗೆ ಅತ್ಕೊಂಡ. ಆವತ್ತು ಮಳೇನೇ ಇಲ್ಲ ಅಂತು ಈಯಮ್ಮನ ಪುಸ್ತಕ. ಆ ಪುಸ್ತಕ ಸುಳ್ಳು ಅಂತ ಊರೆಲ್ಲ ಉಗೀಬೇಕಿತ್ತು!"

ಪಂಚಾಕ್ಷರಪ್ಪನವರು ಪ್ರೊಫೆಸರರ ಕಡೆ ತಿರುಗಿದರು. "ಬಣವೆ ಸುಟ್ಟ ದಿನದ್ದು, ಮೇಲಿನ ಬೆಟ್ಟದ ಬುಡದಲ್ಲಿ ಮಾಪಕ ಇಟ್ಟವರ ಕಾರ್ಡು ಇದೆಯೇ ಸ್ವಾಮಿ?"

ತಾಳೆ ನೋಡಲೆಂದು ತಂದಿದ್ದ ಕಾರ್ಡುಗಳ ಚೀಲ ಹುಡುಕಿ ಪ್ರೊಫೆಸರರು ಓದಿದರು: "ಮಧ್ಯಾಹ್ನದಿಂದ ಸಂಜೆಯವರೆಗೆ, ಮೂರು ಇಂಚು." ಅವರ ದನಿ ಕುಗ್ಗಿತು. "ಹಳ್ಳ ಬರುವುದು ಅಲ್ಲಿಂದಲೇ. ಇಲ್ಲಿ ಹನಿ ಬೀಳದಿದ್ದರೂ ತುಂಬಿರುತ್ತದೆ. ಕೋರ್ಟು ಒಂದೇ ಪುಸ್ತಕ ತರಿಸಿತ್ತು. ನಲವತ್ತು ಮನೆ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ."

"ತೀರ್ಥಮ್ಮನ ಪುಸ್ತಕ ಸುಳ್ಳೆಂದು ಊರು ನಂಬಿದ್ದರೆ, ಅದೇ ನಲವತ್ತು ಮನೆಗಳಲ್ಲೊಂದರ ಈ ಕಾರ್ಡನ್ನು ಯಾರು ನಂಬುತ್ತಿದ್ದರು?" ಎಂದರು ಪಂಚಾಕ್ಷರಪ್ಪನವರು.

ತೀರ್ಥಮ್ಮ ಗಾಜಿನ ನೀರನ್ನು ಅಂಗಳಕ್ಕೆ ಚೆಲ್ಲಿದರು. ಆಮೇಲೆ, "ಆ ಕಾರ್ಡು ನಕಲು ಮಾಡ್ಕೊಡಿ ಸ್ವಾಮಿ. ವಕೀಲ್ರ ಹತ್ರ ನಾನೇ ಹೋಗ್ತೀನಿ, ಸಣ್ಣಬೀರಪ್ಪ ಹೊರಗೆ ಬರ್ಲಿ," ಎಂದರು. ಈರಭದ್ರಪ್ಪ ಕೈ ಮುಗಿಯುವಷ್ಟರಲ್ಲಿ ಅವರ ದನಿ ಗಡುಸಾಯಿತು. "ಬಂದ್ಮೇಲೆ ನೀನು ಮಾಡಿದ್ದು ಏನೂಂತ ಅವ್ನ ಮುಂದೆ ನಿನ್ ಬಾಯಿಂದ್ಲೇ ಹೇಳ್ಬೇಕು."

"ಬೇಕಾದ್ರೆ ನನ್ನ ಪೊಲೀಸ್ರಿಗೆ ಹಿಡ್ದು ಕೊಡು ಅಕ್ಕಾ," ಎಂದ ಈರಭದ್ರಪ್ಪ. "ತಮ್ಮನ ಮುಂದೆ ಹೇಳೋದೊಂದು ಬ್ಯಾಡ."

"ಅದೇ ಬೇಕು," ಎಂದರು ತೀರ್ಥಮ್ಮ.