ಸೀವರ್ಟ್ ಬರೆದ ನಗು

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡೋದು ನಾಚಿಕೆಗೇಡು ಅಂತ ಓಡ್ವಾರ್‌ಗೆ ಗೊತ್ತಿತ್ತು. ಗೊತ್ತಿದ್ದರೇನು, ಹೊಟ್ಟೆ ಉರಿಯೋದು ನಿಲ್ಲಬೇಕಲ್ಲ!

ಪ್ರಾರ್ಥನಾಮಂದಿರದ ಹಿಂದಿನ ಬೆಂಚಿನಲ್ಲಿ ಕೂತು ಅವನು ಗುನ್ವೊರಳನ್ನೇ ನೋಡುತ್ತಿದ್ದ. ಅವಳ ಕೈಯಲ್ಲಿದ್ದದ್ದು ತೀರಿಕೊಂಡ ಗಂಡ ಸೀವರ್ಟ್‌ನ ಆತ್ಮಕಥೆ. ಕುಡುಕ ಮೀನುಗಾರ ಯೇಸುವಿನ ಪಾದ ಹಿಡಿದ ಕಥೆ. ನಾರ್ವೆಯ ಆ ಕಡಲತೀರದಲ್ಲಿ ಅದಿಲ್ಲದ ಮನೆಯಿರಲಿಲ್ಲ. ಊರೂರಿಗೂ ಗುನ್ವೊರಳನ್ನು ಕರೆಸಿ ಓದಿಸುತ್ತಿದ್ದರು. ಕಾರು ಓಡಿಸೋದು, ಪುಸ್ತಕದ ಪೆಟ್ಟಿಗೆ ಹೊರೋದು ಓಡ್ವಾರ್.

"ದೋಣಿ ಮಾರಿದ ಹಣವನ್ನೂ ಕುಡಿದು ಮನೆಗೆ ಬಂದೆ," ಗುನ್ವೊರ್ ಓದಿದಳು. "ನನ್ನಾಕೆ ಒಂದು ಮಾತೂ ಆಡಲಿಲ್ಲ. ನಸುನಕ್ಕು ಒಲೆಯ ಮೇಲೆ ವಾಫಲ್ ಕಾವಲಿ ಇಟ್ಟಳು. ಆ ನಗುವಿನಲ್ಲಿ ಕ್ರಿಸ್ತನ ಕ್ಷಮೆ ಕಂಡೆ."

ಓದಿ, ಅವಳೂ ಹಾಗೇ ನಕ್ಕಳು. ಒಂದೇ ಕೆನ್ನೆಯಲ್ಲಿ ಗುಳಿ ಬೀಳುವ ನಗು. ಅದು ಓಡ್ವಾರ್‌ಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಈಸ್ಟರ್ ಹಬ್ಬದ ದಿನ ಅವನು "ಮದುವೆಯಾಗ್ತೀಯಾ" ಅಂತ ಕೇಳಿದ್ದಕ್ಕೆ "ನೋಡೋಣ" ಅಂದವಳು ಇನ್ನೂ ನೋಡುತ್ತಲೇ ಇದ್ದಳು.

ಕಾಫಿ ಹಂಚುತ್ತಿದ್ದ ಮುದುಕಿ ಬೋರ್ಗಿಲ್ಡ್ ಅವನ ತಟ್ಟೆಗೆ ವಾಫಲ್ ಹಾಕಿ, "ನೀನೇನಾ ಡ್ರೈವರು? ಪಾಪ, ಸೀವರ್ಟ್‌ನಂಥವನ ಹೆಂಡತಿ ಹಿಂದೆ ಬಿದ್ದಿದೀಯಂತಲ್ಲಪ್ಪಾ!" ಅಂದಳು.

ಓಡ್ವಾರ್ ತಟ್ಟೆ ಅಲ್ಲೇ ಇಟ್ಟು, ಪುಸ್ತಕದ ಪೆಟ್ಟಿಗೆ ಹೊತ್ತು ಕಾರಿನತ್ತ ನಡೆದ.

ಸಂಜೆಯ ಓದು ಆಚೆ ದಡದಲ್ಲಿ. ಕಾರುಗಳನ್ನು ದಾಟಿಸುವ ಫೆರಿಯ ಮೇಲೆ, ಕಾರಿನೊಳಗೆ, ಅವನಿಗೆ ತಡೆಯಲಾಗಲಿಲ್ಲ.

"ಆ ಪುಟ ಓದಿ ನಗ್ತೀಯಲ್ಲ, ನನ್ನ ನೋಡಿ ಒಂದ್ಸಲನಾದ್ರೂ ಹಾಗೆ ನಕ್ಕಿದೀಯಾ?"

"ನಿನಗೆ ಆ ನಗು ಬೇಕಾ?"

"ಬೇಕು! ನನಗೆ ಬರೀ ಬೈಗುಳ. ಗೇರ್ ಹಾಕೋಕೆ ಬರಲ್ಲ, ಶೂ ಒರೆಸಲ್ಲ, ದಡ್ಡ, ಕೋಣ..."

ಗುನ್ವೊರ್ ಅವನನ್ನೇ ದಿಟ್ಟಿಸಿದಳು. ಕಣ್ಣು ತುಂಬಿತು.

"ಅವತ್ತು ನಾನು ನಗಲೇ ಇಲ್ಲ ಕಣೋ. ಕಾವಲಿ ಎತ್ತಿ ಅವನ ಮೇಲೆ ಎಸೆದೆ. ಗೋಡೆಗೆ ಬಡಿದು ಹಿಡಿ ಮುರೀತು. ಅವನು 'ನಕ್ಕಳು' ಅಂತ ಬರೆದ. ಓದಿದ ಗಂಡಸರು ಕುಡಿತ ಬಿಟ್ಟರು. ಇನ್ನು ನಾನು ಹೇಗೆ ಬಾಯಿ ಬಿಡಲಿ? ಆಮೇಲೆ ಮನೇಲೂ ಸಿಟ್ಟಾಗೋ ಹಾಗಿರಲಿಲ್ಲ. ಪುಸ್ತಕದಲ್ಲಿರೋ ಹೆಂಗಸು ಸಿಟ್ಟಾಗಲ್ವಲ್ಲ." ಮೂಗು ಒರೆಸಿಕೊಂಡಳು. "ನಿನ್ನ ಹತ್ರ ಮಾತ್ರ ಮನಸಾರೆ ಬೈತೀನಿ. ಅದೂ ಗೊತ್ತಾಗಲ್ವಾ, ಕೋಣ?"

"ಮತ್ತೆ 'ನೋಡೋಣ' ಅಂತ ಯಾಕಂದೆ?"

"ನೀನೂ ಆ ಪುಟದವಳನ್ನೇ ಕೇಳ್ತಿದೀಯೇನೋ ಅಂತ ಹೆದರಿದ್ದೆ."

ಸಂಜೆ ಮಂದಿರ ತುಂಬಿತ್ತು. "ನನ್ನಾಕೆ ಒಂದು ಮಾತೂ ಆಡಲಿಲ್ಲ" ಎಂಬಲ್ಲಿಗೆ ಬಂದು ಗುನ್ವೊರ್ ನಿಂತಳು. ಪುಸ್ತಕ ಮುಚ್ಚಿದಳು.

"ಸೀವರ್ಟ್ ದೇವರ ಬಗ್ಗೆ ಬರೆದದ್ದೆಲ್ಲ ನಿಜ. ನನ್ನ ನಗು ಮಾತ್ರ ಸುಳ್ಳು. ನಾನು ಕಾವಲಿ ಎಸೆದೆ. ಮರುದಿನ ಅವನು ಅದಕ್ಕೆ ಹೊಸ ಹಿಡಿ ಹಾಕಿದ. ಮತ್ತೆ ಕುಡೀಲಿಲ್ಲ."

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಮೆಲ್ಲಗೆ, "ನಾನು ಕೆಟಲ್ ಎಸೆದಿದ್ದೆ," ಅಂದಳು. ಪಕ್ಕದಲ್ಲಿದ್ದ ಗಂಡ ತಲೆಯಾಡಿಸಿದ.

ಗುನ್ವೊರ್ ನೇರ ಹಿಂದಿನ ಬೆಂಚಿಗೆ ಬಂದು, ಎಲ್ಲರೆದುರೇ ಓಡ್ವಾರ್‌ನ ಕೈ ಹಿಡಿದು ಕೂತಳು.

"ಹಲ್ಲು ಕಿರೀಬೇಡ, ದಡ್ಡ. ಹೋಗಿ ಪಾಸ್ಟರ್ ಹತ್ರ ಮದುವೆಗೆ ದಿನ ಕೇಳು."

"ಈಗಲೇನಾ?"

"ಈಗಲ್ಲದೆ ಇನ್ಯಾವಾಗ? ಶೂ ಒರೆಸ್ಕೊಂಡು ಹೋಗು!"

ಇಂಥದ್ದೊಂದು ಬೈಗುಳ ಸೀವರ್ಟ್‌ಗೆ ಕೊನೆಕೊನೆಗೆ ಸಿಕ್ಕೇ ಇರಲಿಲ್ಲವಲ್ಲ, ಪಾಪ, ಅಂದುಕೊಂಡು ಓಡ್ವಾರ್ ಬಗ್ಗಿ ಶೂ ಒರೆಸಿಕೊಂಡ.