ಎರಡನೆಯ ಕ್ಷೇತ್ರ

"ಮತ್ತ ತಪ್ಪೇನ್ರಿ, ಅಯ್ನೋರ?"

ಗುರುಪಾದಯ್ಯ ಕೆಂಪು ಗೀಟು ಎಳೆದಿದ್ದ ಹಾಳೆಯನ್ನು ಕಾಶಿಬಾಯಿ ಬೆಳಕಿಗೆ ಹಿಡಿದಳು. ಕಣ್ಣಲ್ಲಿ ಸಿಟ್ಟಿತ್ತು, ಸಿಟ್ಟಿನ ಹಿಂದೆ ಸಿಟ್ಟಲ್ಲದ್ದೂ ಇತ್ತು.

"ತಪ್ಪು ನಿಮ್ದಲ್ಲ, ನಂದು. ಈ ಸಾಲು ಬದಲಿ ಆಗಬೇಕ್ರಿ" ಎಂದು ಅವನು ನೆಲ ನೋಡಿದ.

"ಅಯ್ನೋರ, ನಿಮ್ಮ ಲೇಖನ ಮುಗಿಯೂದ್ರಾಗ ನನ್ನ ಮಷೀನ ಮುದುಕ ಆಗ್ತೈತಿ!" ಒಳಗಿನಿಂದ ಮಲಂಗಸಾಬರು ನಕ್ಕರು.

ಬಿಜಾಪುರದ ಸ್ಟೇಷನ್ ರಸ್ತೆಯ ಆ ಟೈಪಿಂಗ್ ಕ್ಲಾಸು ಅವರದು. ಎಪ್ಪತ್ತೇಳನೆಯ ಇಸವಿ. ಗಂಡ ತೀರಿದ ಮೇಲೆ ಟಿಕೋಟಾದ ತವರಿಗೆ ಮರಳಿದ ಕಾಶಿಬಾಯಿ ದಿನವೂ ಬಸ್ಸಿನಲ್ಲಿ ಬಂದು ಅಲ್ಲಿ ಟೈಪ್ ಮಾಡುತ್ತಿದ್ದಳು. ಗುರುಪಾದಯ್ಯ ಬಬಲೇಶ್ವರದ ಜಂಗಮ ಅಯ್ಯಗಳ ಮನೆತನದವನು, ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವನು. ಅವನ ಸಮೀಕರಣಗಳ ಗ್ರೀಕ್ ಅಕ್ಷರ ಮಷೀನಿನಲ್ಲಿರಲಿಲ್ಲ. ಅವಳು ಜಾಗ ಬಿಟ್ಟು ಟೈಪ್ ಮಾಡುವಳು. ಅವನು ಪಕ್ಕದಲ್ಲಿ ಕುಳಿತು ಮಸಿಯಿಂದ ತುಂಬುವನು. ಹಾಗೆ ಕೂತು ಕೂತೇ ಮಾತು ಬೆಳೆದಿತ್ತು.

"ಕಣಗಳಿಗೆ ತೂಕ ಕೊಡೂದು ಹಿಗ್ಸ್ ಕ್ಷೇತ್ರ. ಜಗತ್ತೆಲ್ಲಾ ಅದರಾಗ ಮುಳಗೇತಿ" ಎಂದು ಒಮ್ಮೆ ಹೇಳಿದ್ದ. "ಅಂಥಾವು ಎರಡು ಇರಬಹುದು ಅಂತ ನಾ ಬರದೇನಿ."

"ಒಂದ ಸಾಕಾಗೂದಿಲ್ಲೇನ್ರಿ?"

"ಸಾಕು. ಆದ್ರ ಎರಡನೇದ್ದು ಬ್ಯಾಡ ಅಂತ ಯಾವ ನಿಯಮಾನೂ ಹೇಳೂದಿಲ್ಲ. ಒಂದ ಇರಬೇಕು ಅಂತ ನಾವ ಹಟ ಹಿಡದು ಕುಂತೇವಿ. ಯಾವ ಕಣ ಯಾವ ಕ್ಷೇತ್ರದಿಂದ ತೂಕ ತಗೋಬೇಕು ಅಂತ ಹಂಚಿಕೊಟ್ರ, ಎರಡೂ ಜಗಳಿಲ್ದ ಬಾಳತಾವು."

ಕಾಶಿಬಾಯಿ ಬಳೆಯಿಲ್ಲದ ತನ್ನ ಬರಿಗೈ ನೋಡಿಕೊಂಡಿದ್ದಳು. ಅವನು ಅದನ್ನು ನೋಡಿದ್ದ.

ಅವನ ಮನೆತನದಲ್ಲಿ ವಿಧವೆಯನ್ನು ಮದುವೆಯಾದವರಿಲ್ಲ. ಲೇಖನ ಬೇಗ ಅಚ್ಚಾದರೆ ಮುಂಬೈಯ ಸಂಸ್ಥೆಯೊಂದರಲ್ಲಿ ಕೆಲಸ. ಅಲ್ಲಿ ಯಾರ ಮನೆ, ಯಾವ ಕುಲ ಎಂದು ಕೇಳುವವರಿಲ್ಲ. ಅಲ್ಲೇ ಮದುವೆ ಎಂದು ಮಾತಾಗಿತ್ತು. ಅಷ್ಟೊಂದು ಆಸೆ ಆ ಹಾಳೆಗಳ ಮೇಲಿತ್ತು. ಆದರೂ ವಾರವಾರ ಕೆಂಪು ಗೀಟು ಬೀಳುತ್ತಲೇ ಇತ್ತು.

ಒಂದು ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ. ಮುಖ ಬೂದಿಯಾಗಿತ್ತು.

"ಮುಗೀತ್ರಿ. ಹೊರದೇಶದವರು ಯಾರೋ ಇದ ಲೆಕ್ಕ ಅಚ್ಚು ಹಾಕಿಸ್ಯಾರ. ನನಕಿಂತ ಚಂದ ಮಾಡ್ಯಾರ."

"ಮುಂಬೈ?"

"ಬ್ಯಾರೇದವರನ್ನ ತಗೊಂಡಾರ."

ಮಷೀನು ನಿಂತಿತು. ಅವನು ಅವಳ ಪಕ್ಕದ ಕುರ್ಚಿಯಲ್ಲಿ ಕುಸಿದ.

"ಆ ಗೀಟು ಹಾಕಿದ್ನೆಲ್ಲಾ... ಅಲ್ಲಿ ತಪ್ಪಿರಲಿಲ್ರಿ. ಇಲ್ಲಿ ಬಂದು ಕುಂಡ್ರಾಕ ನೆವ ಬೇಕಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಟೈಪ್ ಮಾಡಿದ್ರೀ?"

"ನೀವಷ್ಟ ಕಳ್ಳರು, ನಾ ಸಾಚಾ ಅಂತ ತಿಳಕೊಂಡ್ರೇನು?" ನಗಲು ಹೋದಳು, ಆಗಲಿಲ್ಲ. ಕೂಡುವ ದಾರಿಯನ್ನು ಕೂಡಿ ಕೂತೇ ಕಳೆದುಕೊಂಡಿದ್ದರು.

"ಇನ್ನ ನಂದೇನೂ ನಡಿಯೂದಿಲ್ರಿ. ಊರಾಗ ಹೇಳಿದ್ರ ಅವ್ವ ಬಾವಿ ನೋಡ್ಕೋತಾಳ."

ಕಾಶಿಬಾಯಿ ಮಷೀನಿನಿಂದ ಹಾಳೆ ಎಳೆದು ಅವನ ಮುಂದಿಟ್ಟಳು. "ಎರಡನೇದ್ದು ಬ್ಯಾಡ ಅಂತ ಯಾರೂ ಹೇಳಿಲ್ಲ ಅಂತ ಹಾಳಿ ಮ್ಯಾಲ ಬರದವ್ರು ನೀವ. ಜಗತ್ತಿಗೆಲ್ಲಾ ಹೇಳಾಕ ಎದಿ ಐತಿ, ಬಬಲೇಶ್ವರಕ್ಕ ಹೇಳಾಕ ಇಲ್ಲೇನ್ರಿ?"

ಅವನು ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ನಮ್ಮೂರ ಬಸ್ಸು ಹೊಂಟೈತಿ. ಬರ್ತೀಯೇನು ಕಾಶಿ?"

ಬಸ್ಸಿನಲ್ಲಿ ಅವನ ಊರಿನ ಹನಮವ್ವ ಕೂತಿದ್ದಳು. ಕಂಡಾಗಲೆಲ್ಲ ಅಯ್ಯನ ಪಾದ ಮುಟ್ಟುವ ಮುದುಕಿ. "ಶರಣ್ರೀ ಅಪ್ಪಾರ" ಎಂದು ಬಗ್ಗಿದವಳು ಪಕ್ಕದ ಕುಂಕುಮವಿಲ್ಲದ ಹಣೆ ಕಂಡಳು.

"ಯಾರ್ರೀ ಈಕಿ?"

"ನಾ ಮದಿವಿ ಆಗೂ ಹೆಣ್ಣು."

ಪಾದಕ್ಕೆ ಚಾಚಿದ ಕೈ ನಡುವೆಯೇ ನಿಂತಿತು, ಹಿಂದೆ ಸರಿಯಿತು. ಹನಮವ್ವ ಎದ್ದು, ಇದ್ದ ಸೀಟು ಬಿಟ್ಟು, ಮುಂದೆ ಹೋಗಿ ಕಂಬಿ ಹಿಡಿದು ನಿಂತಳು. ಬಸ್ಸೆಲ್ಲ ಇತ್ತ ತಿರುಗಿ ನೋಡಿತು.

"ಇಳೀಲೇನ್ರಿ?" ಕಾಶಿಬಾಯಿಯ ದನಿ ಬತ್ತಿತ್ತು. "ಬಸ್ಸಿನ್ನೂ ಬಿಜಾಪುರ ದಾಟಿಲ್ಲ."

ಗುರುಪಾದಯ್ಯ, ಇನ್ನು ಯಾರೂ ಮುಟ್ಟುವುದು ಬೇಡ ಎನ್ನುವಂತೆ, ತನ್ನ ಎರಡೂ ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಂಡ.

"ಆ ಕಡೆ ಬಿಸಲ ಐತಿ," ಎಂದ, "ನನ್ನ ಕಡೆ ಸರದು ಕುಂಡ್ರು."

ಅವಳು ಸರಿದು ಕೂತಳು. ಬಸ್ಸು ಬಿಜಾಪುರ ದಾಟಿತು.